ಮೂರು ಮೆಟ್ಟಿಲು, ಒಂದು ಹಲಗೆ

ಕಳೆದ ಶನಿವಾರ ಬೆಂಗಳೂರಿನ ಇಂದಿರಾನಗರದಲ್ಲಿ ಒಂದು ರೆಸ್ಟೋರೆಂಟಿಗೆ ಹೋಗಿದ್ದೆ. ಊಟದ ಜೊತೆ ಲೈವ್ ಮ್ಯೂಸಿಕ್. ನಾನು ವೀಲ್‌ಚೇರಲ್ಲಿ ಓಡಾಡುವವಳು, ಒಳಗೆ ಬರಬಹುದಾ ಅಂತ ಫೋನಲ್ಲಿ ಮೊದಲೇ ಕೇಳಿದ್ದೆ. "ವೀಲ್‌ಚೇರ್ ಬರುತ್ತೆ ಮೇಡಂ, ರ‍್ಯಾಂಪ್ ಇದೆ" ಅಂದಿದ್ದರು.

ಇದ್ದದ್ದು ಮೂರು ಮೆಟ್ಟಿಲ ಮೇಲೆ ಒರಗಿಸಿದ ಪ್ಲೈವುಡ್ ಹಲಗೆ. ಗ್ಯಾಸ್ ಸಿಲಿಂಡರ್ ಉರುಳಿಸಿ ಉರುಳಿಸಿ ನಡುವೆ ಬಗ್ಗಿತ್ತು. ಒಂದು ಅಡಿ ಎತ್ತರ ಏರಲು ರ‍್ಯಾಂಪ್ 12 ಅಡಿ ಉದ್ದ ಇರಬೇಕು. ಇದು ನಾಲ್ಕಡಿಯೂ ಇರಲಿಲ್ಲ. ಕೊನೆಗೆ ಇಬ್ಬರು ಹುಡುಗರು ಕುರ್ಚಿ ಸಮೇತ ನನ್ನನ್ನು ಎತ್ತಿದರು. ಅವರದ್ದು ಒಳ್ಳೆ ಮನಸ್ಸೇ. ಆದರೆ ನನ್ನನ್ನು ಯಾರೂ ಎತ್ತಬೇಕಿಲ್ಲ. ನಾನೇ ಚಕ್ರ ತಳ್ಳಿಕೊಂಡು ಒಳಗೆ ಹೋಗಬೇಕು, ಅಷ್ಟೇ ಅಲ್ವಾ?

ಒಳಗೆ ಎಲ್ಲಾ ಎತ್ತರದ ಮೇಜುಗಳು. ತಟ್ಟೆಯನ್ನು ತೊಡೆ ಮೇಲಿಟ್ಟುಕೊಂಡೇ ತಿಂದೆ. ಟಾಯ್ಲೆಟ್ ಬಾಗಿಲು ಕಿರಿದು ಅಂತ ಗೊತ್ತಾದ ಮೇಲೆ ನೀರು ಮುಟ್ಟಲಿಲ್ಲ. ಹೊರಗೆ ಹೋದಾಗೆಲ್ಲ ನನ್ನಂಥವರು ಜಾಸ್ತಿ ಮಾಡುವುದು ಇದನ್ನೇ.

ಹಾಡು ಮಾತ್ರ ತುಂಬಾ ಚೆನ್ನಾಗಿತ್ತು. ಡ್ರಮ್ಸ್ ಬಾರಿಸಿದಾಗಲೆಲ್ಲ ಕುರ್ಚಿಯ ಹಿಡಿ ಸಣ್ಣಗೆ ನಡುಗುತ್ತಿತ್ತು. ಎರಡನೇ ಹಾಡಿಗೆ ಎಲ್ಲರೂ ಎದ್ದು ನಿಂತರು. ಆಮೇಲೆ ನನಗೆ ಕಂಡದ್ದು ಬರೀ ಬೆನ್ನುಗಳು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಖಾಸಗಿ ಜಾಗಗಳಿಗೂ ಅನ್ವಯಿಸುತ್ತದೆ. ಹೊರಡುವಾಗ ಮ್ಯಾನೇಜರ್‌ಗೆ ಇದನ್ನು ಹೇಳಿದೆ. ರ‍್ಯಾಂಪಿನ ಅಳತೆಯನ್ನು ಬಿಲ್ಲಿನ ಹಿಂದೆ ಬರೆದುಕೊಟ್ಟೆ. ಮುಂದಿನ ತಿಂಗಳು ಮತ್ತೆ ಹೋಗುತ್ತೇನೆ.