ಬಿರುಗಾಳಿಯ ತಿಂಗಳಲ್ಲೇ ಎಲೆಕ್ಷನ್

ಫ್ಲೋರಿಡಾದಲ್ಲಿ ಎಲೆಕ್ಷನ್ನೂ ಬಿರುಗಾಳಿಯೂ ಒಟ್ಟಿಗೇ ಬರುತ್ತವೆ. ಯಾರೂ ಬೇಕು ಅಂತ ಹಾಗೆ ಇಟ್ಟಿದ್ದಲ್ಲ. ಹರಿಕೇನ್ ಸೀಸನ್ ಜೂನ್ 1ಕ್ಕೆ ಶುರು, ನವೆಂಬರ್ 30ಕ್ಕೆ ಮುಗಿಯುತ್ತದೆ. ಮತದಾನ ನವೆಂಬರ್ ಶುರುವಿನ ಒಂದು ಮಂಗಳವಾರ. ಹೀಗಾಗಿ ಟೀವಿಯಲ್ಲಿ ಅಭ್ಯರ್ಥಿಗಳು ಒಬ್ಬರಿಗೊಬ್ಬರು ಬೈದುಕೊಳ್ಳುವ ಜಾಹೀರಾತು ಜೋರಾಗುವ ಹೊತ್ತಿಗೆ ಸರಿಯಾಗಿ ಅಟ್ಲಾಂಟಿಕ್ ಸಮುದ್ರವೂ ಕಾದು ಕೂತಿರುತ್ತದೆ. ನಾನಿರುವುದು ಪೋರ್ಟ್ ಸೇಂಟ್ ಲೂಸಿಯಲ್ಲಿ. ಪೂರ್ವ ಕರಾವಳಿ, ಮಯಾಮಿಯಿಂದ ಉತ್ತರಕ್ಕೆ ಕಾರಿನಲ್ಲಿ ಹೆಚ್ಚು ಕಡಿಮೆ ಎರಡು ಗಂಟೆ ದಾರಿ.

ಇಲ್ಲಿ ಎಲೆಕ್ಷನ್ ಬಂತು ಅಂತ ಗೊತ್ತಾಗುವುದು ಫ್ಲೆಕ್ಸಿನಿಂದಲ್ಲ, ಮೈಕಿನಿಂದಲೂ ಅಲ್ಲ. ಮನೆ ಮುಂದಿನ ಹುಲ್ಲಿನಲ್ಲಿ ಪುಟ್ಟ ಪುಟ್ಟ ಬೋರ್ಡು ಏಳುತ್ತವೆ. ಹಗುರವಾದ ಪ್ಲಾಸ್ಟಿಕ್ ಹಲಗೆ, ಅದಕ್ಕೆ ತಂತಿಯ ಎರಡು ಕಾಲು, ಮೇಲೆ ಅಭ್ಯರ್ಥಿಯ ಹೆಸರು. ಬಿರುಗಾಳಿ ಬರುತ್ತದೆ ಅಂದ ಕೂಡಲೇ ಹೂಕುಂಡ, ಕುರ್ಚಿ, ಕಸದ ಡಬ್ಬದ ಜೊತೆ ಈ ಬೋರ್ಡುಗಳನ್ನೂ ಕಿತ್ತು ಒಳಗಿಡಬೇಕು. ಆ ಗಾಳಿಯಲ್ಲಿ ತಂತಿಯ ಕಾಲು ಹಾರಿ ಬಂದು ಕಿಟಕಿಗೆ ನಾಟಿದರೆ ಗಾಜು ಉಳಿಯಲ್ಲ. ನಮ್ಮ ಬೀದಿಯಲ್ಲಿ ರಿಟೈರಾದ ಅಂಚೆಯವರೊಬ್ಬರಿದ್ದಾರೆ. ಬೋರ್ಡು ಕೀಳುವುದು ಅವರದ್ದೇ ಡ್ಯೂಟಿ. ಹಿಂಭಾಗದಲ್ಲಿ ಮಾರ್ಕರಿನಿಂದ ಮನೆ ನಂಬರ್ ಬರೆದು, ಎರಡೂ ಪಕ್ಷದವನ್ನು ತಮ್ಮ ಗ್ಯಾರೇಜಿನಲ್ಲಿ ಒಂದರ ಮೇಲೊಂದು ಪೇರಿಸುತ್ತಾರೆ. ಗಾಳಿ ಹೋದ ಮೇಲೆ ಅವರವರ ಹುಲ್ಲಿಗೆ ವಾಪಸು. ಗಂಡ ಹೆಂಡತಿ ಬೇರೆ ಬೇರೆ ಪಕ್ಷದ ಮನೆಗೆ ಎರಡು ಬೋರ್ಡು.

2004ರಲ್ಲಿ ನಾವು ಇಲ್ಲಿಗೆ ಬಂದ ಹೊಸತು. ಸೆಪ್ಟೆಂಬರ್ 5ಕ್ಕೆ ಫ್ರಾನ್ಸಿಸ್ ಅನ್ನುವ ಹರಿಕೇನ್ ಪಕ್ಕದ ಸ್ಟುವರ್ಟ್ ಊರಿನ ಹತ್ತಿರ ದಡ ಹತ್ತಿತು. ಮೂರು ವಾರ ಬಿಟ್ಟು ಜೀನ್ ಬಂತು, ಹೆಚ್ಚು ಕಡಿಮೆ ಅದೇ ಜಾಗಕ್ಕೆ. ಅದು ಇನ್ನೂ ಜೋರು. ಫ್ರಾನ್ಸಿಸ್ಸಿನದ್ದು ಆಮೆ ನಡಿಗೆ. ಮುಗಿಯಿತು ಅಂದುಕೊಂಡರೆ ಮತ್ತೆ ಶುರು. ಕಿಟಕಿಗೆಲ್ಲ ಅಲ್ಯೂಮಿನಿಯಂ ಶಟರ್ ಹಾಕಿ ತಿರುಪು ಬಿಗಿದರೆ ಮನೆಯೊಳಗೆ ಹಗಲಲ್ಲೂ ಕತ್ತಲು, ಹೊರಗೆ ಏನಾಗುತ್ತಿದೆ ಅಂತ ಸದ್ದಿನಲ್ಲೇ ತಿಳಿಯಬೇಕು. ಕರೆಂಟ್ ಹೋದರೆ ಒಲೆಯೂ ಹೋದಂತೆ, ಇಲ್ಲಿ ನಮ್ಮದು ಕರೆಂಟ್ ಒಲೆ. ಆಗ ಕೈಹಿಡಿದದ್ದು ಅವಲಕ್ಕಿ. ನೀರಲ್ಲಿ ನೆನೆಸಿ, ಚಟ್ನಿಪುಡಿ ಕಲಸಿ, ಮೇಲೆ ಒಂದಿಷ್ಟು ಎಣ್ಣೆ. ಪಕ್ಕದ ಮನೆಯವರೂ ತಿಂದರು. ಚಟ್ನಿಪುಡಿ ಖಾರಕ್ಕೆ ಕಣ್ಣಲ್ಲಿ ನೀರು ಬಂದರೂ ಮರುದಿನ ಮತ್ತೆ ತಟ್ಟೆ ಹಿಡಿದು ಬಂದರು.

ಊರಿನ ಕಡೆ ಜನ ಕೇಳುವುದು ಗಾಳಿಯ ಬಗ್ಗೆ. ನಿಜವಾದ ತಾಪತ್ರಯ ಗಾಳಿಯಲ್ಲಿ ಇಲ್ಲ, ಆಮೇಲೆ ಇದೆ. ಟೀವಿ ವರದಿಗಾರ ರೇನ್‌ಕೋಟ್ ಹಾಕಿಕೊಂಡು ಬೀಚಿನಲ್ಲಿ ವಾಲಾಡುತ್ತಾ ನಿಲ್ಲುತ್ತಾನಲ್ಲ, ಅವನು ಎರಡು ದಿನಕ್ಕೆ ಹೊರಟುಹೋಗುತ್ತಾನೆ. ಚಾವಣಿ ಮೇಲಿನ ನೀಲಿ ಟಾರ್ಪಾಲು ಉಳಿಯುತ್ತದೆ. 2004ರ ಟಾರ್ಪಾಲುಗಳು ಎಷ್ಟೋ ಮನೆಗಳ ಮೇಲೆ ಮುಂದಿನ ವರ್ಷವೂ ಇದ್ದವು, ಅಷ್ಟರಲ್ಲಿ 2005ರ ಅಕ್ಟೋಬರ್ 24ಕ್ಕೆ ವಿಲ್ಮಾ ಬಂತು. ಅದು ಪಶ್ಚಿಮದ ಕಡೆಯಿಂದ ನುಗ್ಗಿ ರಾಜ್ಯವನ್ನೇ ದಾಟಿ ನಮ್ಮ ಕಡೆ ಸಮುದ್ರಕ್ಕೆ ಇಳಿಯಿತು. ಇನ್ಶೂರೆನ್ಸಿನವರ ಜೊತೆ ಗುದ್ದಾಡಿದ್ದನ್ನು ಬರೆಯಲು ಹೋಗಲ್ಲ. ಅದು ಬರೆದು ಮುಗಿಯುವುದಲ್ಲ.

2006ರಲ್ಲಿ ದೇವರು ದೊಡ್ಡವನು, ಆ ವರ್ಷ ಅಮೆರಿಕದ ದಡಕ್ಕೆ ಒಂದು ಹರಿಕೇನೂ ಬಡಿಯಲಿಲ್ಲ. ಆಗಸ್ಟ್ ಕೊನೆಗೆ ಎರ್ನೆಸ್ಟೋ ಬಂದು, ಶಟರ್ ಹಾಕಿಸಿ, ಬರೀ ಮಳೆ ಸುರಿಸಿ ಹೋಯಿತು. ಸದ್ಯ ಬಚಾವ್ ಅಂತ ಜನ ಉಸಿರು ಬಿಡುತ್ತಿದ್ದಾಗ ಸೆಪ್ಟೆಂಬರ್ 29ಕ್ಕೆ ನಮ್ಮ ಕ್ಷೇತ್ರದ ಸಂಸದ ಮಾರ್ಕ್ ಫೋಲಿ ರಾಜೀನಾಮೆ ಕೊಟ್ಟರು. ಸಂಸತ್ತಿನಲ್ಲಿ ಕಾಗದಪತ್ರ ಒಯ್ಯುವುದಕ್ಕೆ ಹೈಸ್ಕೂಲು ಮಕ್ಕಳನ್ನು ಇಟ್ಟುಕೊಳ್ಳುತ್ತಿದ್ದರು, ಪೇಜ್ ಅಂತ ಕರೆಯುತ್ತಿದ್ದರು. ಹಾಗೆ ಕೆಲಸ ಮಾಡಿದ ಹುಡುಗರಿಗೆ ಈ ಮನುಷ್ಯ ಹೊಲಸು ಮೆಸೇಜು ಕಳಿಸಿದ್ದು ಎಬಿಸಿ ನ್ಯೂಸಿನಲ್ಲಿ ಬಯಲಾಯಿತು. ಕಾಣೆಯಾದ, ಶೋಷಣೆಗೆ ಒಳಗಾದ ಮಕ್ಕಳಿಗಾಗಿ ಇದ್ದ ಸಂಸದರ ಗುಂಪಿನ ಮುಂದಾಳು ಬೇರೆ ಯಾರೂ ಅಲ್ಲ, ಇವರೇ!

ಮತದಾನಕ್ಕೆ ಆರು ವಾರವೂ ಇರಲಿಲ್ಲ. ಬ್ಯಾಲೆಟ್ಟಿನಿಂದ ಹೆಸರು ತೆಗೆಯುವ ಗಡುವು ದಾಟಿತ್ತು. ಫೋಲಿ ಹೆಸರು ಹಾಗೇ ಉಳಿಯಿತು, ರಿಪಬ್ಲಿಕನ್ ಪಕ್ಷ ಜೋ ನೆಗ್ರಾನ್ ಅನ್ನುವವರನ್ನು ಬದಲಿಗೆ ನಿಲ್ಲಿಸಿತು, ಫೋಲಿಗೆ ಬಿದ್ದ ಮತ ನೆಗ್ರಾನ್ ಲೆಕ್ಕಕ್ಕೆ. ಪಾಪ, ಆ ಮನುಷ್ಯ ಮನೆ ಮನೆಗೆ ಹೋಗಿ ಫೋಲಿಗೆ ಮತ ಹಾಕಿ, ಅದು ನನಗೆ ಬರುತ್ತದೆ ಅಂತ ಹೇಳಬೇಕಾಯಿತು. ಹೀಗೆ ಅಂತ ಮತಗಟ್ಟೆಯಲ್ಲಿ ನೋಟಿಸ್ ಹಚ್ಚಬಹುದೋ ಬಾರದೋ ಅನ್ನುವುದೂ ಕೋರ್ಟಿಗೆ ಹೋಯಿತು. ಕೊನೆಗೆ ಡೆಮಾಕ್ರಟ್ ಪಕ್ಷದ ಟಿಮ್ ಮಹೋನಿ ಸ್ವಲ್ಪದರಲ್ಲಿ ಗೆದ್ದರು. ಮನೆತನ, ಮರ್ಯಾದೆ, ಮೌಲ್ಯ ಅಂತೆಲ್ಲ ಮಾತಾಡಿ ಗೆದ್ದವರು. ಎರಡೇ ವರ್ಷ. 2008ರ ಅಕ್ಟೋಬರಿನಲ್ಲಿ, ಮತ್ತೆ ಮತದಾನಕ್ಕೆ ಮೂರು ವಾರ ಇರುವಾಗ, ಅದೇ ಎಬಿಸಿ ನ್ಯೂಸು ಹೊಸ ಸುದ್ದಿ ತಂತು. ಮಹೋನಿಗೆ ತಮ್ಮ ಕಚೇರಿಯಲ್ಲಿ ಕೆಲಸ ಮಾಡಿದ್ದ ಹೆಂಗಸಿನ ಜೊತೆ ಸಂಬಂಧ ಇತ್ತಂತೆ, ಆಕೆ ಕೋರ್ಟಿಗೆ ಹೋಗದಂತೆ 1,21,000 ಡಾಲರಿನ ಒಪ್ಪಂದ ಮಾಡಿಕೊಂಡಿದ್ದರಂತೆ. ಮಹೋನಿ ಸೋತರು. ಎರಡು ಚುನಾವಣೆ, ಎರಡು ಪಕ್ಷ, ಒಂದೇ ಕ್ಷೇತ್ರ. ನಮ್ಮ ಅಂಚೆಯವರು ಆ ವರ್ಷ ಬೋರ್ಡು ಕೀಳುವಾಗ ಈ ಸೀಟಿಗೇ ಏನೋ ದೋಷ ಇದೆ ಅಂದರು. ಹೋಮ ಮಾಡಿಸೋಣ ಅಂದೆ. ಏನು ಅಂತ ಅವರಿಗೆ ಅರ್ಥವಾಗಲಿಲ್ಲ, ಆದರೂ ಹೂಂ ಅಂದರು.

ನನಗೆ 2006ರಲ್ಲಿ ಮತ ಇರಲಿಲ್ಲ, ಗ್ರೀನ್ ಕಾರ್ಡೂ ಬಂದಿರಲಿಲ್ಲ. ಸುಮ್ನೆ ನೋಡುತ್ತಾ ಕೂತಿದ್ದೆ. ಹಾಗೆ ನೋಡುತ್ತಾ ಅನ್ನಿಸಿದ್ದು ಒಂದೇ. ಇಡೀ ಅಕ್ಟೋಬರ್ ಟೀವಿಯಲ್ಲಿ ನಡೆದ ಚರ್ಚೆ ಯಾವ ಪಕ್ಷಕ್ಕೆ ಎಷ್ಟು ಸೀಟು ಹೋಗುತ್ತದೆ ಅನ್ನುವುದರದ್ದು. ಸ್ಪೀಕರ್ ಡೆನ್ನಿಸ್ ಹ್ಯಾಸ್ಟರ್ಟ್‌ಗೆ ಯಾವಾಗ ಗೊತ್ತಿತ್ತು, ಯಾರು ಯಾರಿಗೆ ಹೇಳಿದರು, ಇದರಿಂದ ಯಾರಿಗೆ ಲಾಭ, ಬರೀ ಇದೇ. ಆ ಹುಡುಗರಿಗೆ ಏನಾಯಿತು ಅನ್ನುವುದು ಮಾತಿನ ನಡುವೆ ಎಲ್ಲೋ ಕಳೆದುಹೋಯಿತು. ಫೋಲಿ ಮೇಲಿನ ತನಿಖೆಯನ್ನು 2008ರಲ್ಲಿ ಮೊಕದ್ದಮೆ ಹೂಡದೆ ಮುಚ್ಚಿದರು. ಪೇಜ್ ಪದ್ಧತಿಯನ್ನೇ ಕೆಳಮನೆ 2011ರಲ್ಲಿ ನಿಲ್ಲಿಸಿತು. ಇನ್ನು ಹ್ಯಾಸ್ಟರ್ಟ್, ಅವರೇ ಕುಸ್ತಿ ಕೋಚ್ ಆಗಿದ್ದ ಕಾಲದಲ್ಲಿ ಹುಡುಗರಿಗೆ ಲೈಂಗಿಕ ಕಿರುಕುಳ ಕೊಟ್ಟಿದ್ದು, ಅದನ್ನು ಮುಚ್ಚಿಡಲು ದುಡ್ಡು ಕೊಡುತ್ತಿದ್ದದ್ದು ಆಮೇಲೆ ಹೊರಬಿತ್ತು, ಆ ದುಡ್ಡನ್ನು ಬ್ಯಾಂಕಿನಿಂದ ಕಣ್ಣುತಪ್ಪಿಸಿ ತೆಗೆದ ಕೇಸಿನಲ್ಲಿ 2016ರಲ್ಲಿ 15 ತಿಂಗಳ ಜೈಲು ಶಿಕ್ಷೆಯಾಯಿತು. ಅಷ್ಟು ಹೊತ್ತಿಗೆ ಕ್ಯಾಮೆರಾಗಳು ಬೇರೆ ಬೀಚಿಗೆ ಹೋಗಿದ್ದವು.

ಅಮೆರಿಕದವರು ಹೀಗೆ ಅಂತ ಹೇಳಿ ಕೈತೊಳೆದುಕೊಳ್ಳುವ ಹಾಗಿಲ್ಲ, ಯಾಕೆಂದರೆ ನಾನು ಹಾಸನದವಳು. 2024ರ ಏಪ್ರಿಲ್ 26ರ ಮತದಾನಕ್ಕೆ ಮುಂಚೆ ಊರಲ್ಲಿ ಆಗಿನ ಸಂಸದ ಪ್ರಜ್ವಲ್ ರೇವಣ್ಣನ ವಿಡಿಯೋಗಳ ಪೆನ್‌ಡ್ರೈವ್ ಹಂಚಿಕೆಯಾದಾಗ ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲೂ ಮೊದಲು ಬಂದ ಪ್ರಶ್ನೆ, "ಸೀಟು ಹೋಗುತ್ತಾ?" ಪ್ರಜ್ವಲ್ ರೇವಣ್ಣ ಸೋತರು, ಮರುವರ್ಷ ಆಗಸ್ಟಿನಲ್ಲಿ ಒಂದು ಅತ್ಯಾಚಾರ ಪ್ರಕರಣದಲ್ಲಿ ಜೀವಾವಧಿ ಶಿಕ್ಷೆಯೂ ಆಯಿತು. ಆ ಶಿಕ್ಷೆ ಆಗಿದ್ದು ಮನೆಗೆಲಸದ ಒಬ್ಬ ಹೆಣ್ಣುಮಗಳು ಎದುರು ನಿಂತು ಸಾಕ್ಷಿ ಹೇಳಿದ್ದರಿಂದ. ಆದರೆ ಮುಖವನ್ನೂ ಮರೆಮಾಡದೆ ಆ ವಿಡಿಯೋಗಳನ್ನು ಊರೂರಿಗೆ ಹಂಚಿದರಲ್ಲ, ಅವರಿಗೆ ಬೇಕಿದ್ದದ್ದು ನ್ಯಾಯವೋ ಮತವೋ? ಅಮ್ಮ ಫೋನಿನಲ್ಲಿ, "ಆ ಹೆಣ್ಮಕ್ಕಳು ಇನ್ನು ಸಂತೆಗೆ ಹೆಂಗೆ ಹೋಗ್ತಾರೆ ಕಣೇ" ಅಂದಳು. ಯಾವ ಟೀವಿಯವರೂ ಅದನ್ನು ಕೇಳಿದ್ದು ನನ್ನ ಕಿವಿಗೆ ಬೀಳಲಿಲ್ಲ.

ಅದೇ 2024ರಲ್ಲಿ ಇಲ್ಲಿ ಸೆಪ್ಟೆಂಬರ್ 26ಕ್ಕೆ ಹೆಲೀನ್ ಹರಿಕೇನ್, ಅಕ್ಟೋಬರ್ 9ಕ್ಕೆ ಮಿಲ್ಟನ್. ಟ್ರಂಪ್, ಕಮಲಾ ಹ್ಯಾರಿಸ್ ಪೈಪೋಟಿ ಕಾವೇರಿದ್ದ ಸಮಯ. ಹಗರಣಕ್ಕೆ ಬರವಿರಲಿಲ್ಲ, ಆದರೆ ಈ ಸಲ ಬಿರುಗಾಳಿಯನ್ನೇ ಹಗರಣ ಮಾಡಿದರು. ಸಂತ್ರಸ್ತರಿಗೆ ಸರ್ಕಾರ ಕೊಡುವುದು 750 ಡಾಲರ್ ಅಷ್ಟೇ ಅಂತ ಒಂದು ಗಾಳಿಸುದ್ದಿ. ಅಸಲಿಗೆ ಅದು ತಕ್ಷಣದ ಊಟ ನೀರಿಗೆ ಕೊಡುವ ಮೊದಲ ಕಂತು. "ಅವರು" ಹವಾಮಾನವನ್ನೇ ತಿರುಗಿಸಬಲ್ಲರು ಅಂತ, ಅವರು ಅಂದರೆ ಯಾರು ಅಂತ ಹೇಳದೆ, ಆಗ ಜಾರ್ಜಿಯಾದ ಸಂಸದೆಯಾಗಿದ್ದ ಮಾರ್ಜರಿ ಟೇಲರ್ ಗ್ರೀನ್ ಬರೆದರು. ಹೆಲೀನ್ ಹೊಡೆತ ತಿಂದ ನಾರ್ತ್ ಕೆರೊಲಿನಾ ರಾಜ್ಯದಲ್ಲಿ ಪರಿಹಾರದ ಕೆಲಸದವರಿಗೆ ಬೆದರಿಕೆ ಬಂದು ಕೆಲವು ಕಡೆ ಕೆಲಸವೇ ನಿಂತಿತು. ಗುಡ್ಡ ಕುಸಿದು ಮನೆ ಕಳೆದುಕೊಂಡವರು ಅರ್ಜಿ ಹಾಕಲು ಹೆದರುವ ಸ್ಥಿತಿ ತಂದಿಟ್ಟರು. ಮತಕ್ಕಾಗಿ ಸುಳ್ಳು ಹೇಳುವುದು ಹೊಸದೇನಲ್ಲ, ಸೋರುವ ಮನೆಯಲ್ಲಿ ಕೂತವರಿಗೆ ಸುಳ್ಳು ಹೇಳುವುದು ನನಗೆ ಲಂಚಕ್ಕಿಂತ ಕೆಟ್ಟದ್ದು ಅನ್ನಿಸುತ್ತದೆ.

ಮಯಾಮಿಯ ಹರಿಕೇನ್ ಸೆಂಟರಿನವರ ಮೇಲೆ ಮಾತ್ರ ನನಗೆ ನಂಬಿಕೆ ಜಾಸ್ತಿ. ಅವರು ಬಿಡುವ ನಕ್ಷೆಯಲ್ಲಿ ಬಿಳಿ ಕೋನ್ ಒಂದಿರುತ್ತದೆ, ಗಾಳಿಯ ನಡುಭಾಗ ಎಲ್ಲಿಗೆಲ್ಲ ಹೋಗಬಹುದು ಅಂತ. ಮೂರರಲ್ಲಿ ಒಂದು ಸಲ ಅದು ಈ ಗೆರೆ ದಾಟುತ್ತದೆ ಅಂತ ಅವರೇ ಹೇಳುತ್ತಾರೆ. ಕೋನ್ ಹೊರಗಿದ್ದೀರಿ ಅಂತ ನೆಮ್ಮದಿಯಾಗಿ ಇರಬೇಡಿ ಅಂತಲೂ ಹೇಳುತ್ತಾರೆ. ಮಿಲ್ಟನ್ ದಡ ಹತ್ತಿದ್ದು ಪಶ್ಚಿಮ ಕರಾವಳಿಯ ಸಿಯೆಸ್ಟಾ ಕೀಯಲ್ಲಿ, ರಾತ್ರಿ. ಅದಕ್ಕೂ ಮೊದಲೇ ಸಂಜೆ ಹೊತ್ತಿಗೆ ಆಚೆ ತುದಿಯಲ್ಲಿದ್ದ ನಮ್ಮ ಕೌಂಟಿಗೆ ಸುಂಟರಗಾಳಿಗಳು ಬಂದವು. ಸ್ಪ್ಯಾನಿಶ್ ಲೇಕ್ಸ್ ಅನ್ನುವ ಕಡೆ, ವಯಸ್ಸಾದವರೇ ಹೆಚ್ಚಾಗಿದ್ದ ಮನೆಗಳಲ್ಲಿ, ಆರು ಜನ ಸತ್ತರು. ನಾವು ಬಾತ್‌ರೂಮಿನಲ್ಲಿ ಹಾಸಿಗೆ ಎಳೆದುಕೊಂಡು ಕೂತಿದ್ದೆವು. ಮೂರು ಫೋನೂ ಒಟ್ಟಿಗೆ ಕಿರುಚುತ್ತಿದ್ದವು. ನಮಗೇನೂ ಆಗಲಿಲ್ಲ, ಚಾವಣಿಯ ಒಂದು ಮೂಲೆ ಕಿತ್ತು ಹೋಯಿತು ಅಷ್ಟೇ.

ಆಮೇಲೆ ಮುಂಗಡ ಮತದಾನ ಶುರುವಾಯಿತು. ಈಗ ನನಗೂ ಮತ ಇದೆ. ಲೈಬ್ರರಿ ಮುಂದೆ ಉದ್ದದ ಸಾಲು, ರಸ್ತೆ ಬದಿಯಲ್ಲಿ ಮುರಿದ ಬೇಲಿ, ಒದ್ದೆಯಾದ ಸೋಫಾಗಳ ರಾಶಿ, ಅದರ ಪಕ್ಕದಲ್ಲೇ ಅಂಚೆಯವರ ಗ್ಯಾರೇಜಿನಂಥ ಯಾವುದೋ ಗ್ಯಾರೇಜಿನಿಂದ ವಾಪಸು ಬಂದ ಬೋರ್ಡುಗಳು. ಸಾಲಿನಲ್ಲಿ ಟ್ರಂಪ್ ಹೆಸರೂ ಇಲ್ಲ, ಹ್ಯಾರಿಸ್ ಹೆಸರೂ ಇಲ್ಲ. ನನ್ನ ಹಿಂದೆ ನಿಂತಿದ್ದ ಹೆಂಗಸು ಮೆಲ್ಲಗೆ ಕೇಳಿದರು, ಚಾವಣಿ ರಿಪೇರಿಗೆ ಯಾರನ್ನು ಕರೆಸಿದಿರಿ, ಮುಂಗಡ ಎಷ್ಟು ತಗೊಂಡ, ಫೋನ್ ಮಾಡಿದರೆ ಎತ್ತುತ್ತಾನಾ ಅಂತ. ಎತ್ತುತ್ತಾನೆ, ಆದರೆ ಹೇಳಿದ ದಿನ ಬರಲ್ಲ ಅಂದೆ. ಪರವಾಗಿಲ್ಲ ಅಂತ ನಂಬರ್ ಬರೆದುಕೊಂಡರು.