ಸ್ಟ್ರಾಲರ್ ತೂಕ ಹಾಕಬೇಡಿ, ಟ್ಯಾಗ್ ಕೊಡಿ

ಬೆಳಗಾವಿಯಲ್ಲಿ ತವರು, ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ಗಂಡನ ಕೆಲಸ. ನಮ್ಮ ಓಣಿಯಲ್ಲೇ ಇಂಥ ಹೆಣ್ಣುಮಕ್ಕಳು ಎಷ್ಟು ಜನ ಇದ್ದಾರೆ ಅಂತ ಲೆಕ್ಕ ಹಾಕಿದರೆ ಕೈಬೆರಳು ಸಾಲುವುದಿಲ್ಲ. ನಾನೂ ಅವರಲ್ಲಿ ಒಬ್ಬಳು. ಮನೆ ಟಿಳಕವಾಡಿಯಲ್ಲಿ, ಗಂಡ ಬೆಂಗಳೂರಿನಲ್ಲಿ, ಮಗಳಿಗೆ ಈಗ ಒಂದು ವರ್ಷ ದಾಟಿದೆ. ರಾತ್ರಿಯಿಡೀ ಬಸ್ಸಿನಲ್ಲಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂರುವ ಬದಲು ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಿಂದ ವಿಮಾನ ಹತ್ತಿದರೆ ಒಂದೂವರೆ ಗಂಟೆಯೊಳಗೆ ಬೆಂಗಳೂರು. ಟಿಕೆಟ್ ಮೊದಲೇ ತೆಗೆದರೆ ದುಡ್ಡೂ ತೀರಾ ಜಾಸ್ತಿ ಆಗುವುದಿಲ್ಲ. ಆದರೆ ಸ್ಟ್ರಾಲರ್, ಅಂದರೆ ಕೂಸನ್ನು ಕೂರಿಸಿ ತಳ್ಳುವ ಮಡಚುವ ಗಾಡಿಯ ವಿಷಯಕ್ಕೆ ಚೆಕ್-ಇನ್ ಕೌಂಟರಿನಲ್ಲಿ ಆಗುವ ಜಗಳದ ಬಗ್ಗೆ ಯಾರೂ ಬರೆದಿದ್ದು ನಾನು ನೋಡಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನನಗೆ ಆಗಿದ್ದು ಇದು. ಸೂಟ್‌ಕೇಸ್ ಮನೆಯಲ್ಲೇ ತೂಕ ಹಾಕಿ ತಂದಿದ್ದೆ. ಹದಿನಾಲ್ಕೂವರೆ ಕೆಜಿ, ಉಚಿತ ಮಿತಿ ಹದಿನೈದು. ಮಗಳು ಸ್ಟ್ರಾಲರಿನಲ್ಲಿ ನಿದ್ದೆ ಹೋಗಿದ್ದಳು. ಕೌಂಟರಿನ ಹುಡುಗ ಸೂಟ್‌ಕೇಸ್ ತೆಗೆದುಕೊಂಡ, ಆಮೇಲೆ ಸ್ಟ್ರಾಲರ್ ಕಡೆ ಕೈ ತೋರಿಸಿ, "ಮೇಡಂ, ಅದನ್ನೂ ಬೆಲ್ಟ್ ಮ್ಯಾಲೆ ಇಡ್ರಿ" ಅಂದ. ಕೂಸನ್ನು ಎಬ್ಬಿಸಿ ಎತ್ತಿಕೊಂಡೆ. ಸ್ಟ್ರಾಲರ್ ಮಡಚಿ ಇಟ್ಟೆ. ತೂಕದ ಅಂಕಿ ಇಪ್ಪತ್ತು ದಾಟಿತು. "ಐದು ಕೆಜಿ ಮ್ಯಾಲೆ ಆತ್ರಿ. ಆ ಕಡೆ ಹೋಗಿ ರೊಕ್ಕ ಕಟ್ಟಿ ಚೀಟಿ ತರ್ರಿ." ಕೆಜಿಗೆ ಐದುನೂರರ ಮೇಲೆ. ಸ್ಟ್ರಾಲರ್ ಉಚಿತ ಅಂತ ನಿಮ್ಮ ಕಂಪನಿಯ ವೆಬ್‌ಸೈಟಿನಲ್ಲೇ ಬರೆದಿದೆಯಲ್ಲಾ ಅಂದೆ. ಫೋನಿನಲ್ಲಿ ಆ ಪುಟ ತೆಗೆದು ತೋರಿಸಿದೆ. ಅವನು ಪಕ್ಕದವರನ್ನು ಕೇಳಿದ. ಅವರು, "ಸಿಸ್ಟಮ್‌ನ್ಯಾಗ ಹಂಗ ತೋರ್ಸಂಗಿಲ್ರಿ" ಅಂದರು. ಹಿಂದೆ ಸಾಲು ಬೆಳೆಯುತ್ತಿತ್ತು. ಕೌಂಟರ್ ಮುಚ್ಚುವ ಹೊತ್ತು ಹತ್ತಿರ ಬಂದಿತ್ತು. ನಿದ್ದೆಗೆಟ್ಟ ಮಗಳು ಜೋರಾಗಿ ಅಳುತ್ತಿದ್ದಳು. ದುಡ್ಡು ಕಟ್ಟಿದೆ, ರಸೀದಿಯಲ್ಲಿ 'ಸ್ಟ್ರಾಲರ್ ಸೇರಿ' ಅಂತ ಬರೆಸಿಕೊಂಡೆ. ಬೆಂಗಳೂರಿಗೆ ಹೋದ ಮೇಲೆ ರಸೀದಿ, ವೆಬ್‌ಸೈಟಿನ ಪುಟ, ಬೋರ್ಡಿಂಗ್ ಪಾಸ್ ಮೂರನ್ನೂ ಸೇರಿಸಿ ಕಂಪನಿಗೆ ಇಮೇಲ್ ಮಾಡಿದೆ. ಒಂದಷ್ಟು ದಿನ ಬಿಟ್ಟು ದುಡ್ಡು ವಾಪಸ್ ಬಂತು. ಕ್ಷಮೆ ಕೇಳಿದ ಒಂದು ಸಾಲೂ ಅವರ ಉತ್ತರದಲ್ಲಿ ಇತ್ತು.

ದುಡ್ಡು ಬಂತು, ಸಿಟ್ಟು ಹೋಗಿಲ್ಲ. ನಡೆಯಲು ಬಾರದ ಕೂಸಿಗೆ ಸ್ಟ್ರಾಲರೇ ಕಾಲು. ದೊಡ್ಡವರ ಕಾಲನ್ನು ಯಾರೂ ತೂಕ ಹಾಕುವುದಿಲ್ಲ ಅಲ್ವಾ?

ಈ ಗೊಂದಲ ಹುಟ್ಟುವುದು ಎಲ್ಲಿಂದ ಅಂತ ಆಮೇಲೆ ಕೂತು ಓದಿದೆ. ಎರಡು ವರ್ಷ ತುಂಬದ ಕೂಸಿಗೆ ಸೀಟು ಇರುವುದಿಲ್ಲ, ಅಮ್ಮನ ತೊಡೆಯೇ ಸೀಟು. ದೇಶದೊಳಗಿನ ವಿಮಾನಗಳಲ್ಲಿ ಕೂಸಿಗೆ ಅಂತ ಒಂದಿಷ್ಟು ಶುಲ್ಕ ತೆಗೆದುಕೊಳ್ಳುತ್ತಾರೆ. ಆದರೆ ಸಾಮಾನ್ಯವಾಗಿ ಅದಕ್ಕೆ ಪ್ರತ್ಯೇಕ 15 ಕೆಜಿ ಕೊಡುವುದಿಲ್ಲ. ಅಂದರೆ ಅಮ್ಮನ 15 ಕೆಜಿಯಲ್ಲೇ ಇಬ್ಬರ ಸಾಮಾನು ಹೋಗಬೇಕು. ಡೈಪರ್, ಹಾಲಿನ ಪುಡಿ, ರಾಗಿ ಹುರಿಹಿಟ್ಟು, ಬಾಟಲಿ, ಹಾಸಿಗೆ, ನಾಲ್ಕಾರು ಜೊತೆ ಬಟ್ಟೆ. ನನ್ನ ಸೀರೆ ಇಡಲು ಜಾಗವೇ ಉಳಿಯುವುದಿಲ್ಲ. ಅದರ ಮೇಲೆ ಸ್ಟ್ರಾಲರನ್ನೂ ತೂಕಕ್ಕೆ ಸೇರಿಸಿದರೆ ದುಡ್ಡು ಕಟ್ಟದೆ ಬೇರೆ ದಾರಿಯೇ ಇಲ್ಲ.

ದೇಶದ ವಿಮಾನ ಕಂಪನಿಗಳಿಗೆ ನಿಯಮ ಮಾಡುವ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ಕೈಚೀಲದ ಜೊತೆಗೆ ಉಚಿತವಾಗಿ ಒಯ್ಯಬಹುದಾದ ವಸ್ತುಗಳ ಪಟ್ಟಿಯನ್ನೇ ಕೊಟ್ಟಿದೆ. ಹೆಂಗಸರ ಪರ್ಸು, ಕೋಟು, ಕಂಬಳಿ, ಮಡಚುವ ಛತ್ರಿ, ಊರುಗೋಲು ಎಲ್ಲ ಅದರಲ್ಲಿವೆ. ಕೂಸು ಜೊತೆಗಿದ್ದರೆ ದಾರಿಯಲ್ಲಿ ಬೇಕಾಗುವ ಅದರ ಆಹಾರ ಮತ್ತು ಕೂಸನ್ನು ಒಯ್ಯುವ ಬುಟ್ಟಿ ಕೂಡ ಇದೆ. ಮಡಚುವ ಗಾಲಿಕುರ್ಚಿಯೂ ಇದೆ, ಅದನ್ನೇ ನಂಬಿಕೊಂಡವರಿಗೆ. ಸ್ಟ್ರಾಲರ್ ಮಾತ್ರ ಆ ಪಟ್ಟಿಯಲ್ಲಿ ಹೆಸರಿಟ್ಟು ಬರೆದಿಲ್ಲ. ಹಾಗಾಗಿ ಪ್ರತಿ ಕಂಪನಿಯೂ ತನ್ನ ಷರತ್ತುಗಳಲ್ಲಿ ಬರೆದುಕೊಳ್ಳುತ್ತದೆ. ನಮ್ಮಲ್ಲಿ ಹೆಚ್ಚಿನ ಕಂಪನಿಗಳು ಕೂಸಿನ ಜೊತೆ ಒಂದು ಮಡಚುವ ಸ್ಟ್ರಾಲರನ್ನು ಉಚಿತವಾಗಿಯೇ ಒಯ್ಯುತ್ತವೆ. ತೊಂದರೆ ಏನೆಂದರೆ ಆ ಸಾಲು ವೆಬ್‌ಸೈಟಿನ ಯಾವುದೋ ಮೂಲೆಯಲ್ಲಿ ಇರುತ್ತದೆ. ಟಿಕೆಟಿನ ಮೇಲೆ ಇರುವುದಿಲ್ಲ, ಕೌಂಟರಿನಲ್ಲಿ ಕೂತವರಿಗೆ ಕಾಣುವುದೂ ಇಲ್ಲ.

ತೂಕದ ದುಡ್ಡಿಗೆ ಒಂದು ಮಿತಿ ಹಾಕುವ ಪ್ರಯತ್ನವೂ ನಡೆದಿತ್ತು. 2016ರಲ್ಲಿ ಡಿಜಿಸಿಎ, 15 ಕೆಜಿ ದಾಟಿ 20 ಕೆಜಿವರೆಗಿನ ಹೆಚ್ಚುವರಿ ತೂಕಕ್ಕೆ ಕೆಜಿಗೆ 100 ರೂಪಾಯಿಗಿಂತ ಜಾಸ್ತಿ ತೆಗೆದುಕೊಳ್ಳಬಾರದು ಎಂದು ಹೇಳಿತು. ಕಂಪನಿಗಳು ದೆಹಲಿ ಹೈಕೋರ್ಟಿಗೆ ಹೋದವು. 2017ರಲ್ಲಿ ಕೋರ್ಟು ಆ ಮಿತಿಯನ್ನು ರದ್ದು ಮಾಡಿತು. ಅದು ಉಳಿದಿದ್ದರೆ ಅವತ್ತು ನಾನು ಕಟ್ಟಿದ್ದು ಐದುನೂರು ರೂಪಾಯಿ ಆಗುತ್ತಿತ್ತು. ಕೂಸು ಇರುವ ಮನೆಗೆ ಈ ವ್ಯತ್ಯಾಸ ಸಣ್ಣದಲ್ಲ.

2021ರ ಫೆಬ್ರವರಿಯಲ್ಲಿ ಇನ್ನೊಂದು ಬದಲಾವಣೆ ಬಂತು. ಚೆಕ್-ಇನ್ ಬ್ಯಾಗ್ ಇಲ್ಲದೆ ಬರುವವರಿಗೆ ಕಡಿಮೆ ದರದ ಟಿಕೆಟ್ ಕೊಡಲು ಅನುಮತಿ ಸಿಕ್ಕಿತು. ಒಂಟಿಯಾಗಿ ಓಡಾಡುವವರಿಗೆ ಅದು ಚೆನ್ನ. ಕೂಸಿನ ಅಮ್ಮಂದಿರಿಗೆ ಬೇಡ. ಬುಕ್ ಮಾಡುವಾಗ ಎಲ್ಲಕ್ಕಿಂತ ಮೇಲೆ ಕಾಣುವ ಅಗ್ಗದ ದರ ಇಂಥದ್ದೇ ಇರಬಹುದು. ಒತ್ತುವ ಮುಂಚೆ ಬ್ಯಾಗಿನ ಸಾಲು ಓದಿ. ತೂಕ ಜಾಸ್ತಿ ಆಗುತ್ತದೆ ಅಂತ ಮೊದಲೇ ಗೊತ್ತಿದ್ದರೆ ಆನ್‌ಲೈನಿನಲ್ಲೇ ಕೊಂಡುಬಿಡಿ. ಕೌಂಟರಿನ ದರಕ್ಕಿಂತ ಕಡಿಮೆ ಬೀಳುತ್ತದೆ.

ಈಗ ನಾನು ಕೌಂಟರಿಗೆ ಹೋದ ತಕ್ಷಣ, ಸೂಟ್‌ಕೇಸ್ ಇಡುವ ಮೊದಲೇ, "ಸ್ಟ್ರಾಲರಿಗೆ ಗೇಟ್ ಟ್ಯಾಗ್ ಕೊಡ್ರಿ" ಅನ್ನುತ್ತೇನೆ. ಸ್ಟ್ರಾಲರನ್ನು ವಿಮಾನದ ಹತ್ತಿರದವರೆಗೆ ತಳ್ಳಿಕೊಂಡು ಹೋಗಿ ಅಲ್ಲಿ ಕೊಡಲು ಕಟ್ಟುವ ಚೀಟಿ ಅದು. ಉಚಿತವಾ ಅಂತ ಕೇಳುವುದಿಲ್ಲ. ಟ್ಯಾಗ್ ಕೇಳಿದರೆ ಮಾತು ಟ್ಯಾಗಿನ ಮೇಲೆ ಹೋಗುತ್ತದೆ, ತೂಕದ ಮೇಲೆ ಹೋಗುವುದಿಲ್ಲ. ಮಗಳನ್ನು ಅದರಲ್ಲೇ ಕೂರಿಸಿರುತ್ತೇನೆ. ಸ್ಟ್ರಾಲರಿನ ಕೆಳಗಿನ ಬುಟ್ಟಿ ಖಾಲಿ ಇರಬೇಕು. ಅದರಲ್ಲಿ ಡೈಪರ್ ಪ್ಯಾಕೆಟ್ ತುಂಬಿಸಿದ್ದರೆ ತೂಕ ಹಾಕಲು ಅವರಿಗೆ ಕಾರಣ ಸಿಗುತ್ತದೆ. ನಿಯಮದ ಪುಟವನ್ನು ಸ್ಕ್ರೀನ್‌ಶಾಟ್ ತೆಗೆದು ಇಟ್ಟುಕೊಳ್ಳಿ. ಟರ್ಮಿನಲ್ ಒಳಗೆ ನೆಟ್‌ವರ್ಕ್ ಕೈಕೊಟ್ಟರೂ ಅದು ಇರುತ್ತದೆ.

ಸೆಕ್ಯುರಿಟಿಯಲ್ಲಿ ಕೂಸನ್ನು ಎತ್ತಿಕೊಳ್ಳಬೇಕು, ಸ್ಟ್ರಾಲರ್ ಮಡಚಿ ಎಕ್ಸ್‌ರೇ ಒಳಗೆ ಹಾಕಬೇಕು. ಒಂದು ಕೈಯಲ್ಲಿ ಮಡಚಲು ಬರುವ ಸ್ಟ್ರಾಲರಿನ ಬೆಲೆ ಆಗ ಗೊತ್ತಾಗುತ್ತದೆ. ಕೂಸಿನ ಹಾಲು, ಊಟ ತಡೆಯುವುದಿಲ್ಲ.

ಸಾಂಬ್ರಾದಲ್ಲಿ ನಾವು ಹತ್ತುವುದು ಹೆಚ್ಚಾಗಿ ಎಟಿಆರ್. ರೆಕ್ಕೆಗೆ ಪಂಖ ಇರುವ ಸಣ್ಣ ವಿಮಾನ, ಎಪ್ಪತ್ತು ಚಿಲ್ಲರೆ ಸೀಟು. ಪ್ರಯಾಣಿಕರು ಹಿಂದಿನ ಬಾಗಿಲಿನಿಂದ ಮೆಟ್ಟಿಲು ಹತ್ತಬೇಕು. ಕ್ಯಾಬಿನ್ ಸ್ಟ್ರಾಲರ್ ಅಂತ ಜಾಹೀರಾತು ನೋಡಿ ದುಬಾರಿ ದುಡ್ಡು ಕೊಡುವವರು ಇದನ್ನು ಮರೆಯಬೇಡಿ. ದೊಡ್ಡ ಏರ್‌ಬಸ್ಸಿನ ತಲೆ ಮೇಲಿನ ಕಪಾಟಿನಲ್ಲಿ ಹಿಡಿಯುವ ಸ್ಟ್ರಾಲರ್ ಎಟಿಆರ್‌ನ ಕಪಾಟಿನಲ್ಲಿ ಹಿಡಿಯದೇ ಇರಬಹುದು, ಅದು ಸಣ್ಣದು. ಮೆಟ್ಟಿಲ ಬುಡದಲ್ಲಿ ನಿಂತ ಹುಡುಗ ಟ್ಯಾಗ್ ನೋಡಿ ಸ್ಟ್ರಾಲರ್ ತೆಗೆದುಕೊಳ್ಳುತ್ತಾನೆ. ಅಲ್ಲಿ ಅವನನ್ನು ಒಂದು ಮಾತು ಕೇಳಿಬಿಡಿ: ಇಳಿದ ಮೇಲೆ ಇದು ವಿಮಾನದ ಹತ್ತಿರ ಸಿಗುತ್ತದಾ, ಬೆಲ್ಟಿನ ಮೇಲೆ ಬರುತ್ತದಾ? ಬೆಂಗಳೂರಿನಲ್ಲಿ ಬಸ್ಸು ಹತ್ತಿ ಟರ್ಮಿನಲ್‌ಗೆ ಹೋಗಬೇಕು, ಆಮೇಲೆ ಉದ್ದಕ್ಕೆ ನಡೆಯಬೇಕು. ಹತ್ತು ಕೆಜಿ ಕೂಸು, ಭುಜಕ್ಕೆ ಬ್ಯಾಗು. ಮೊದಲೇ ಗೊತ್ತಿದ್ದರೆ ಎದೆಗೆ ಕಟ್ಟಿಕೊಳ್ಳುವ ಕ್ಯಾರಿಯರ್ ಹೊರಗೆ ಇಟ್ಟುಕೊಳ್ಳಬಹುದು.

ಕೊಡುವ ಮುಂಚೆ ನಾಲ್ಕೂ ಗಾಲಿ ಕಾಣುವಂತೆ ಫೋಟೋ ತೆಗೆಯಿರಿ. ನಮ್ಮ ಓರಗಿತ್ತಿಯ ಸ್ಟ್ರಾಲರಿನ ಮುಂದಿನ ಗಾಲಿಯ ಕಡ್ಡಿ ಮುರಿದು ಬಂದಿತ್ತು. ಅವಳು ಮನೆಗೆ ಹೋಗಿ ಫೋನ್ ಮಾಡಲಿಲ್ಲ. ಬೆಲ್ಟಿನ ಪಕ್ಕದ ಕೌಂಟರಿನಲ್ಲೇ ನಿಂತು ದೂರಿನ ಫಾರಂ ತುಂಬಿಸಿ, ನಂಬರ್ ಹಾಕಿಸಿಕೊಂಡೇ ಹೊರಗೆ ಬಂದಳು. ಅದೇ ಸರಿ. ಹಾಳಾದ ಸಾಮಾನಿಗೆ ಏಳು ದಿನದೊಳಗೆ ಬರಹದಲ್ಲಿ ದೂರು ಕೊಡಬೇಕು. ದೇಶದೊಳಗಿನ ಪ್ರಯಾಣದಲ್ಲಿ ಒಬ್ಬ ಪ್ರಯಾಣಿಕರ ಸಾಮಾನಿಗೆ ಕಂಪನಿಯ ಹೊಣೆ 20,000 ರೂಪಾಯಿವರೆಗೆ ಇದೆ. ಆದರೆ ಚೆಕ್-ಇನ್ ಹೊತ್ತಿಗೆ 'ಲಿಮಿಟೆಡ್ ರಿಲೀಸ್' ಟ್ಯಾಗಿಗೆ ಸಹಿ ಹಾಕಿಸಿಕೊಂಡರೆ, ಮುರಿದರೆ ನಮ್ಮ ಜವಾಬ್ದಾರಿ ಅಲ್ಲ ಅನ್ನಲು ಅವರಿಗೆ ದಾರಿ ಆಗುತ್ತದೆ. ಏನು ಬರೆದಿದೆ ಅಂತ ಓದಿಯೇ ಸಹಿ ಹಾಕಿ. ಕಂಪನಿ ಉತ್ತರ ಕೊಡದಿದ್ದರೆ ಕೇಂದ್ರ ಸರ್ಕಾರದ ಏರ್‌ಸೇವಾ ಆ್ಯಪ್ ಇದೆ. ಅಲ್ಲಿ ದೂರು ಹಾಕಿದರೆ ಅದು ಕಂಪನಿಯ ಬಾಗಿಲಿಗೇ ಹೋಗುತ್ತದೆ.

ತವರಿನಿಂದ ಹೊರಡುವವರಿಗೆ ಇನ್ನೊಂದು ಮಾತು. ನಮ್ಮಲ್ಲಿ ಮಗಳಿಗೆ ಉಡಿ ತುಂಬಿಸದೆ ಕಳಿಸುವುದಿಲ್ಲ. ಉಡಿಯಲ್ಲಿ ಕೊಬ್ಬರಿ ಬಟ್ಟಲು ಇದ್ದೇ ಇರುತ್ತದೆ. ಒಣಕೊಬ್ಬರಿಯನ್ನು ಸೂಟ್‌ಕೇಸಿನಲ್ಲೂ ಕೈಚೀಲದಲ್ಲೂ ಬಿಡುವುದಿಲ್ಲ. ಅದರಲ್ಲಿರುವ ಎಣ್ಣೆ ಅಂಶಕ್ಕೆ ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಹುದು ಅಂತ ಅಪಾಯಕಾರಿ ವಸ್ತುಗಳ ಪಟ್ಟಿಗೆ ಸೇರಿಸಿದ್ದಾರೆ. ಅವ್ವನಿಗೆ ಇದನ್ನು ಹೇಳಿದಾಗ ಮುಖ ಸಪ್ಪಗಾಯಿತು. ಈಗ ಉಡಿಯ ಕೊಬ್ಬರಿಯನ್ನು ಮನೆ ದೇವರ ಮುಂದೆ ಇಟ್ಟು, ಅಕ್ಕಿ, ಅರಿಶಿನ ಕೊಂಬು ಮಾತ್ರ ಒಯ್ಯುತ್ತೇನೆ. ಕುಂದಾ ಡಬ್ಬಿ ಸುಖವಾಗಿ ಹೋಗುತ್ತದೆ.

ನನ್ನ ಅಕ್ಕ ಅಮೆರಿಕದಲ್ಲಿದ್ದಾಳೆ. ಅಲ್ಲಿಯ ದೊಡ್ಡ ಕಂಪನಿಗಳು ಸ್ಟ್ರಾಲರಿಗೆ ದುಡ್ಡು ಕೇಳುವುದಿಲ್ಲವಂತೆ. ಮಡಚಲು ಬಾರದ ದೊಡ್ಡ ಸ್ಟ್ರಾಲರ್ ಆದರೆ ಕೆಲವು ಕಂಪನಿಗಳಲ್ಲಿ ಕೌಂಟರಿನಲ್ಲೇ ಕೊಡಬೇಕಾಗಬಹುದು. ಆದರೆ ಅದಕ್ಕೂ ದುಡ್ಡಿಲ್ಲ. ಯುರೋಪಿನ ರಯಾನ್‌ಏರ್ ಕಂಪನಿ ಸಣ್ಣಪುಟ್ಟದಕ್ಕೆಲ್ಲ ಶುಲ್ಕ ಹಾಕುವುದಕ್ಕೇ ಹೆಸರಾಗಿದೆ. ಅದು ಕೂಡ ಪ್ರತಿ ಮಗುವಿಗೆ ಎರಡು ಸಾಮಾನು, ಸ್ಟ್ರಾಲರ್ ಮತ್ತು ಕಾರ್ ಸೀಟಿನಂಥ ಇನ್ನೊಂದು, ಉಚಿತವಾಗಿ ಒಯ್ಯುತ್ತದೆ. ನಿಯಮ ನಮ್ಮಲ್ಲೂ ಇದೆ. ಅದು ಕೌಂಟರಿನಲ್ಲಿ ಕೂತವರ ಕಣ್ಣಿಗೆ ಬೀಳುವಂತೆ ಇರಬೇಕು, ಅಷ್ಟೇ ನಾನು ಕೇಳುವುದು.

ಮಗಳಿಗೆ ಎರಡು ತುಂಬಿದ ಮೇಲೆ ಅವಳಿಗೂ ಸೀಟು, ಅವಳ ಹೆಸರಿನಲ್ಲೇ 15 ಕೆಜಿ. ಆಗ ಸ್ಟ್ರಾಲರ್ ರಿಯಾಯಿತಿ ಮುಂದುವರಿಯುತ್ತದಾ ಅಂತ ಆಯಾ ಕಂಪನಿಯ ಷರತ್ತು ಓದಿಯೇ ಟಿಕೆಟ್ ತೆಗೆಯುತ್ತೇನೆ. ಸೀಟಿನ ವಿಷಯದಲ್ಲಿ ಒಂದು ಒಳ್ಳೆಯದು ಆಗಿದೆ. ಹನ್ನೆರಡು ವರ್ಷದವರೆಗಿನ ಮಕ್ಕಳಿಗೆ ಅಪ್ಪ ಅಥವಾ ಅಮ್ಮನ ಪಕ್ಕದಲ್ಲೇ ಸೀಟು ಕೊಡಬೇಕೆಂದು 2024ರ ಏಪ್ರಿಲ್‌ನಲ್ಲಿ ಡಿಜಿಸಿಎ ಹೇಳಿದೆ. ಅದೇ ಡಿಜಿಸಿಎ ಆ ಉಚಿತ ವಸ್ತುಗಳ ಪಟ್ಟಿಗೆ ಸ್ಟ್ರಾಲರನ್ನೂ ಸೇರಿಸಬೇಕು. ಒಂದು ಸಾಲಿನ ಕೆಲಸ.

ಸಾಂಬ್ರಾದಲ್ಲಿ ಹೊಸ ಟರ್ಮಿನಲ್‌ಗೆ 2024ರ ಮಾರ್ಚ್ 10ರಂದು ಅಡಿಗಲ್ಲು ಹಾಕಿದ್ದಾರೆ. ಅಲ್ಲಿ ಏರೋಬ್ರಿಡ್ಜ್, ಅಂದರೆ ಟರ್ಮಿನಲ್‌ನಿಂದ ವಿಮಾನದ ಬಾಗಿಲಿಗೆ ಜೋಡಿಸುವ ಸೇತುವೆ, ಬಂದ ಮೇಲೆ ದೊಡ್ಡ ವಿಮಾನವಾದರೆ ಸ್ಟ್ರಾಲರ್ ತಳ್ಳಿಕೊಂಡೇ ಬಾಗಿಲಿನವರೆಗೆ ಹೋಗಬಹುದು. ಚೆಕ್-ಇನ್ ಕೌಂಟರುಗಳ ಮೇಲೆ ಕನ್ನಡದಲ್ಲಿ ಒಂದು ಬೋರ್ಡ್ ಹಾಕಿಸಿ ಅಂತ ವಿಮಾನ ನಿಲ್ದಾಣದವರಿಗೆ ಪತ್ರ ಬರೆಯುತ್ತಿದ್ದೇನೆ: ಕೂಸಿನ ಸ್ಟ್ರಾಲರಿಗೆ ಯಾವ ಕಂಪನಿಯಲ್ಲಿ ಏನು ನಿಯಮ, ಟ್ಯಾಗ್ ಯಾರ ಹತ್ತಿರ ಕೇಳಬೇಕು, ಇಷ್ಟೇ. ಸಹಿ ಹಾಕುವವರು ಕಾಮೆಂಟಿನಲ್ಲಿ ತಿಳಿಸಿ. ನಿಮ್ಮ ಹತ್ತಿರ ಸ್ಟ್ರಾಲರಿಗೆ ದುಡ್ಡು ಕಟ್ಟಿದ ರಸೀದಿ ಇದ್ದರೆ ಅದರ ನಕಲೂ ಕೊಡಿ, ಪತ್ರದ ಜೊತೆ ಸೇರಿಸುತ್ತೇನೆ.