ಮಿರ್ರಾ ಆಂಡ್ರೀವಾ ಉಳಿಯುತ್ತಾಳಾ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಟೆನಿಸ್ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಇದನ್ನು ಕೇಳಿಯೇ ಕೇಳುತ್ತಾರೆ. "ಆ ರಷ್ಯಾದ ಹುಡುಗಿ ಮಿರ್ರಾ ಆಂಡ್ರೀವಾ ಇದ್ದಾಳಲ್ಲ, ಅವಳು ಉಳೀತಾಳಾ? ಇಲ್ಲಾ ಎರಡು ವರ್ಷ ಮಿಂಚಿ ಮಾಯವಾಗ್ತಾಳಾ?"

ಈ ಅನುಮಾನ ಸುಮ್ನೆ ಹುಟ್ಟಿದ್ದಲ್ಲ. 2025ರ ಮಾರ್ಚ್‌ನಲ್ಲಿ ಅವಳು ವಿಶ್ವದ ನಂಬರ್ ಒನ್ ಮತ್ತು ನಂಬರ್ ಟೂ ಇಬ್ಬರನ್ನೂ ಒಂದೇ ಟೂರ್ನಿಯಲ್ಲಿ ಸೋಲಿಸಿದಳು. ಅದೇ ವರ್ಷದ ಅಕ್ಟೋಬರ್‌ನಲ್ಲಿ ರ‍್ಯಾಂಕಿಂಗ್‌ನಲ್ಲಿ ತುಂಬ ಕೆಳಗಿದ್ದವರ ಎದುರು ಸೋತು ಕಣ್ಣೀರು ಹಾಕಿದಳು. ಎರಡನ್ನೂ ನೋಡಿದವರಿಗೆ ಗೊಂದಲ ಆಗುವುದು ಸಹಜ. 2025ರ ಸೀಸನ್ ಮುಗಿದಿರುವ ಈ ಹೊತ್ತಿನಲ್ಲಿ ನನ್ನ ಉತ್ತರ ಇದು: ಉಳಿಯುತ್ತಾಳೆ. ಆದರೆ ಜನ ಭಯಪಡುವ ವಿಷಯ ಬೇರೆ, ನಾನು ಭಯಪಡುವ ವಿಷಯ ಬೇರೆ.

ಮೊದಲು ಗೊತ್ತಿಲ್ಲದವರಿಗಾಗಿ ಸ್ವಲ್ಪ ಹಿನ್ನೆಲೆ. ಮಿರ್ರಾ ಹುಟ್ಟಿದ್ದು 2007ರ ಏಪ್ರಿಲ್ 29ರಂದು, ಸೈಬೀರಿಯಾದ ಕ್ರಾಸ್ನೊಯಾರ್ಸ್ಕ್‌ನಲ್ಲಿ. ಅಕ್ಕ ಎರಿಕಾ ಕೂಡ ವೃತ್ತಿಪರ ಆಟಗಾರ್ತಿ. ಮಕ್ಕಳ ಟೆನಿಸ್‌ಗಾಗಿ ಮನೆಯವರು ಊರು ಬಿಟ್ಟು, ಕೊನೆಗೆ ಫ್ರಾನ್ಸ್‌ನ ಕಾನ್ ಪಟ್ಟಣದವರೆಗೆ ಬಂದರು. 2023ರ ಆಸ್ಟ್ರೇಲಿಯನ್ ಓಪನ್ ಜೂನಿಯರ್ ಫೈನಲ್‌ನಲ್ಲಿ ಅವಳು ತನ್ನದೇ ದೇಶದ ಅಲಿನಾ ಕೊರ್ನೀವಾ ಎದುರು ಮೂರು ಗಂಟೆಗೂ ಹೆಚ್ಚು ಹೊತ್ತು ಆಡಿ ಸೋತಳು. ಮೂರೇ ತಿಂಗಳ ನಂತರ ಮ್ಯಾಡ್ರಿಡ್ ಓಪನ್‌ನಲ್ಲಿ ವೈಲ್ಡ್ ಕಾರ್ಡ್, ಅಂದರೆ ಆಯೋಜಕರೇ ನೇರವಾಗಿ ಕೊಡುವ ಪ್ರವೇಶ, ಸಿಕ್ಕಿತು. ಲೇಲಾ ಫೆರ್ನಾಂಡೆಜ್, ಬಿಯಾಟ್ರಿಜ್ ಹದ್ದಾದ್ ಮಾಯಾ, ಮ್ಯಾಗ್ಡಾ ಲಿನೆಟ್, ಹೀಗೆ ಮೂವರನ್ನು ಸಾಲಾಗಿ ಸೋಲಿಸಿದಳು. ಮೂರನೇ ಗೆಲುವು ಬಂದ ದಿನ ಅವಳಿಗೆ 16 ತುಂಬಿತು. ಜಗತ್ತು ಅವಳ ಹೆಸರು ಕೇಳಿದ್ದು ಆಗಲೇ.

ಜನರ ಭಯ ವಯಸ್ಸಿನದು. "ಇಷ್ಟು ಬೇಗ ಮೇಲೆ ಬಂದವರು ಬೇಗ ಸುಸ್ತಾಗ್ತಾರೆ" ಅಂತಾರೆ. ಮಹಿಳಾ ಟೆನಿಸ್‌ನಲ್ಲಿ ಇದಕ್ಕೆ ದೊಡ್ಡ ಉದಾಹರಣೆಯೂ ಇದೆ. ಜೆನಿಫರ್ ಕ್ಯಾಪ್ರಿಯಾಟಿ 1990ರಲ್ಲಿ 14ನೇ ವಯಸ್ಸಿಗೇ ಫ್ರೆಂಚ್ ಓಪನ್ ಸೆಮಿಫೈನಲ್ ತಲುಪಿದಳು. 1992ರಲ್ಲಿ ಬಾರ್ಸಿಲೋನಾ ಒಲಿಂಪಿಕ್ಸ್ ಫೈನಲ್‌ನಲ್ಲಿ ಸ್ಟೆಫಿ ಗ್ರಾಫ್ ಅವರನ್ನು ಸೋಲಿಸಿ ಚಿನ್ನ ಗೆದ್ದಳು. ಮರುವರ್ಷವೇ ಆಟದಿಂದ ದೂರ ಸರಿದಳು. ಅದನ್ನು ಕಂಡ ಮೇಲೆ ಮಹಿಳಾ ಟೆನಿಸ್ ನಡೆಸುವ ಸಂಸ್ಥೆ ಡಬ್ಲ್ಯುಟಿಎ 1995ರಲ್ಲಿ ವಯಸ್ಸಿನ ನಿಯಮ ತಂದಿತು. 18 ತುಂಬುವವರೆಗೆ ಹುಡುಗಿಯರು ವರ್ಷಕ್ಕೆ ಇಷ್ಟೇ ವೃತ್ತಿಪರ ಟೂರ್ನಿ ಆಡಬೇಕು ಅಂತ ಮಿತಿ ಇಟ್ಟಿತು. ಹದಿನಾರರ ಹುಡುಗಿಗೆ ಮೂಲ ಮಿತಿ 12.

ಮಿರ್ರಾ ಬೆಳೆದಿದ್ದು ಇದೇ ನಿಯಮದ ಕೆಳಗೆ. ಮ್ಯಾಡ್ರಿಡ್ ನಂತರ ಎಲ್ಲ ಕಡೆಯಿಂದ ಕರೆ ಬಂದರೂ ಅವಳು ಎಲ್ಲ ಕಡೆ ಹೋಗುವ ಹಾಗಿರಲಿಲ್ಲ. ಯಾವ ಟೂರ್ನಿ ಆಡಬೇಕು, ಯಾವುದನ್ನು ಬಿಡಬೇಕು ಅಂತ ಲೆಕ್ಕ ಹಾಕಬೇಕಿತ್ತು. ಈ ನಿಯಮವನ್ನು ಬೈಯುವವರು ಬಹಳ. ಪಾಯಿಂಟ್ಸ್ ಗಳಿಸುವ ಅವಕಾಶ ತಪ್ಪುತ್ತದೆ, ರ‍್ಯಾಂಕಿಂಗ್ ನಿಧಾನವಾಗುತ್ತದೆ ಅನ್ನುವುದು ಅವರ ವಾದ. ನನಗೆ ಮಾತ್ರ ಇದು ಒಳ್ಳೆಯ ನಿಯಮ ಅನಿಸುತ್ತದೆ. ಹದಿನಾರರ ಮೈಗೆ ವಿಶ್ರಾಂತಿ ಬೇಕು. ಅದನ್ನು ಪ್ರಾಯೋಜಕರೋ ಟೂರ್ನಿ ನಡೆಸುವವರೋ ಕೊಡಲಿ ಅಂತ ಕಾಯಲು ಆಗುವುದಿಲ್ಲ. ಅಂದಹಾಗೆ ಕ್ಯಾಪ್ರಿಯಾಟಿ ಕಥೆ ಅಲ್ಲಿಗೇ ಮುಗಿಯಲಿಲ್ಲ. 2001ರಲ್ಲಿ ಆಸ್ಟ್ರೇಲಿಯನ್ ಓಪನ್, ಫ್ರೆಂಚ್ ಓಪನ್ ಎರಡನ್ನೂ ಗೆದ್ದು ನಂಬರ್ ಒನ್ ಆದಳು. ಎಚ್ಚರಿಕೆ ಕೊಡುವಾಗ ಅವಳ ಹೆಸರು ಹೇಳುವವರು ಈ ಭಾಗವನ್ನು ಯಾಕೋ ಬಿಟ್ಟೇ ಬಿಡುತ್ತಾರೆ.

ವಯಸ್ಸಿನ ಭಯ ನನಗೆ ಇಲ್ಲದಿರುವುದಕ್ಕೆ ಇನ್ನೊಂದು ಕಾರಣ ಅವಳ ಆಟ. ಅದು ಬರೀ ಬಲದ ಮೇಲೆ ನಿಂತ ಆಟ ಅಲ್ಲ. ಸಬಲೆಂಕಾ, ರಿಬಾಕಿನಾ ಅವರ ಹಾಗೆ ಒಂದೇ ಹೊಡೆತಕ್ಕೆ ಪಾಯಿಂಟ್ ಮುಗಿಸುವ ಶಕ್ತಿ ಅವಳಿಗಿಲ್ಲ. ಅವಳು ಎದುರಾಳಿಯನ್ನು ಓದುತ್ತಾಳೆ. ಚೆಂಡು ಎಲ್ಲಿಗೆ ಬರುತ್ತದೆ ಅನ್ನುವುದು ಅವಳಿಗೆ ಅರ್ಧ ಕ್ಷಣ ಮೊದಲೇ ಗೊತ್ತಾಗಿರುತ್ತದೆ. ಬ್ಯಾಕ್‌ಹ್ಯಾಂಡ್ ಅಂತೂ ನೋಡಲೇಬೇಕು. ಕ್ರಾಸ್ ಕೋರ್ಟ್, ಅಂದರೆ ಓರೆಯಾಗಿ, ಆಡುತ್ತಾ ಆಡುತ್ತಾ ಎದುರಾಳಿಯನ್ನು ಒಂದು ಮೂಲೆಗೆ ಒಗ್ಗಿಸಿ, ಇದ್ದಕ್ಕಿದ್ದಂತೆ ಗೆರೆಯಗುಂಟ ನೇರ ಹೊಡೆದುಬಿಡುತ್ತಾಳೆ. ನಡುವೆ ನೆಟ್ ದಾಟಿ ಮೆಲ್ಲಗೆ ಬೀಳುವ ಒಂದು ಡ್ರಾಪ್ ಶಾಟ್, ಎದುರಾಳಿಯ ತಲೆಯ ಮೇಲಿಂದ ಹೋಗುವ ಒಂದು ಲಾಬ್. ಫೋರ್‌ಹ್ಯಾಂಡ್ ಇನ್ನೂ ಅಷ್ಟು ಗಟ್ಟಿಯಿಲ್ಲ. ಒತ್ತಡ ಬಿದ್ದಾಗ ಮೊದಲು ಕೈಕೊಡುವುದು ಅದೇ. ಸರ್ವ್ ಮಾತ್ರ 2025ರಲ್ಲಿ ತುಂಬ ಸುಧಾರಿಸಿತು. ತಲೆಯಿಂದ ಆಡುವವರು ವಯಸ್ಸಾದಂತೆ ಇನ್ನೂ ಚೆನ್ನಾಗಿ ಆಡುತ್ತಾರೆ.

ಇನ್ನು ನನ್ನ ಭಯದ ಮಾತು. ಅದು ಅವಳ ಸಿಟ್ಟು. ಅದರಲ್ಲೂ ಅವಳು ತನ್ನ ಮೇಲೇ ಮಾಡಿಕೊಳ್ಳುವ ಸಿಟ್ಟು.

2023ರ ಫ್ರೆಂಚ್ ಓಪನ್‌ನಲ್ಲಿ ಕೊಕೊ ಗಾಫ್ ಎದುರು ಆಡುವಾಗ ಸಿಟ್ಟಿನಲ್ಲಿ ಚೆಂಡನ್ನು ಪ್ರೇಕ್ಷಕರ ಕಡೆಗೆ ಹೊಡೆದು ಎಚ್ಚರಿಕೆ ಪಡೆದಳು. ಅದು ಮೂರ್ಖ ಕೆಲಸವಾಗಿತ್ತು ಅಂತ ಆಮೇಲೆ ತಾನೇ ಒಪ್ಪಿಕೊಂಡಳು. ಅದೇ ವರ್ಷ ವಿಂಬಲ್ಡನ್‌ನಲ್ಲಿ ಅರ್ಹತಾ ಸುತ್ತಿನಿಂದ ಬಂದು ನಾಲ್ಕನೇ ಸುತ್ತು ತಲುಪಿದ್ದಳು. ಮ್ಯಾಡಿಸನ್ ಕೀಸ್ ಎದುರು ಮೊದಲ ಸೆಟ್ ಗೆದ್ದು, ಎರಡನೇ ಸೆಟ್ ಟೈಬ್ರೇಕ್‌ನಲ್ಲಿ (6-6 ಆದಾಗ ಸೆಟ್ ತೀರ್ಮಾನಿಸುವ ಗೇಮ್) ಕಳೆದುಕೊಂಡಳು. ಮೂರನೇ ಸೆಟ್‌ನ ಕೊನೆಗೆ ರ‍್ಯಾಕೆಟ್ ಎಸೆದಳು ಅಂತ ಅಂಪೈರ್ ಒಂದು ಪಾಯಿಂಟ್ ದಂಡ ಹಾಕಿದರು. ತಾನು ಜಾರಿ ಬಿದ್ದೆ, ಎಸೆಯಲಿಲ್ಲ ಅಂತ ಅವಳು ವಾದಿಸಿದಳು. ಆ ದಂಡದಿಂದ ಎದುರಾಳಿಗೆ ಮ್ಯಾಚ್ ಪಾಯಿಂಟ್, ಅಂದರೆ ಗೆದ್ದರೆ ಪಂದ್ಯವೇ ಮುಗಿಯುವ ಪಾಯಿಂಟ್, ಸಿಕ್ಕಿತು. ಪಂದ್ಯ ಮುಗಿದ ಮೇಲೆ ಅವಳು ಅಂಪೈರ್ ಕೈ ಕುಲುಕದೆ ಹೊರಟುಹೋದಳು.

ಇದನ್ನೆಲ್ಲ ಓದಿ "ಹುಡುಗಿಗೆ ಶಿಸ್ತಿಲ್ಲ" ಅನ್ನಬೇಡಿ. ಅದೇ ಸಿಟ್ಟಿನ ಇನ್ನೊಂದು ಮುಖ 2024ರ ಆಸ್ಟ್ರೇಲಿಯನ್ ಓಪನ್‌ನಲ್ಲಿ ಕಂಡಿತು. ಎರಡನೇ ಸುತ್ತಿನಲ್ಲಿ ಓನ್ಸ್ ಜಬೇರ್ ಅವರನ್ನು 6-0, 6-2ರಿಂದ ಸೋಲಿಸಿದಳು. ಮೂರನೇ ಸುತ್ತಿನಲ್ಲಿ ಡಯಾನ್ ಪ್ಯಾರಿ ಎದುರು ಕೊನೆಯ ಸೆಟ್‌ನಲ್ಲಿ 1-5ರಿಂದ ಹಿಂದಿದ್ದಳು. ತನ್ನನ್ನು ತಾನೇ ಬೈದುಕೊಳ್ಳುತ್ತಾ, ಮ್ಯಾಚ್ ಪಾಯಿಂಟ್ ಉಳಿಸಿಕೊಂಡು, ಟೈಬ್ರೇಕ್‌ವರೆಗೆ ಎಳೆದು ಗೆದ್ದಳು. ತನ್ನ ಮೇಲೆ ತೀರಾ ಕಠಿಣವಾಗಿದ್ದಾಳೆ ಅಂತ ಕಾಮೆಂಟರಿಯಲ್ಲಿ ಮಾತು ಬಂದಿತ್ತು. ಅದಕ್ಕೆ ಬ್ರಿಟನ್ನಿನ ಮಾಜಿ ನಂಬರ್ ಒನ್ ಆ್ಯಂಡಿ ಮರ‍್ರೆ ಸೋಷಿಯಲ್ ಮೀಡಿಯಾದಲ್ಲಿ ಉತ್ತರ ಕೊಟ್ಟರು. ಸೋಲುತ್ತಿರುವಾಗ ತನ್ನಿಂದಲೇ ಇನ್ನೂ ಹೆಚ್ಚು ಬೇಡುವ ಆ ಗುಣದಿಂದಲೇ ಪಂದ್ಯ ತಿರುಗಿರಬಹುದಲ್ಲ ಅನ್ನುವುದು ಅವರ ಮಾತಿನ ಅರ್ಥ. ಮರ‍್ರೆ ಅಂದರೆ ಪ್ರಾಣ ಬಿಡುವ ಹುಡುಗಿ ಅವಳು, ಆ ಒಂದು ಸಾಲು ಅವಳಿಗೆ ಎಷ್ಟು ದೊಡ್ಡದಾಗಿರಬೇಕು!

ಮರ‍್ರೆ ಹೇಳಿದ್ದು ನಿಜ. ಆದರೆ ಅರ್ಧ ನಿಜ ಅಂತ ನನಗೆ ಗೊತ್ತಾಗಿದ್ದು 2025ರ ಫ್ರೆಂಚ್ ಓಪನ್ ಕ್ವಾರ್ಟರ್‌ಫೈನಲ್‌ನಲ್ಲಿ. ಎದುರಿಗಿದ್ದವಳು ಲೋಯಿಸ್ ಬ್ವಾಸೊ, ವೈಲ್ಡ್ ಕಾರ್ಡ್ ಪಡೆದ, 361ನೇ ರ‍್ಯಾಂಕಿನ ಫ್ರೆಂಚ್ ಆಟಗಾರ್ತಿ. ಇಡೀ ಸ್ಟೇಡಿಯಂ ಅವಳ ಕಡೆ. ಮಿರ್ರಾ ಮೊದಲ ಸೆಟ್ ಟೈಬ್ರೇಕ್‌ನಲ್ಲಿ ಸೋತಳು. ಎರಡನೇ ಸೆಟ್‌ನಲ್ಲಿ 3-0 ಮುಂದಿದ್ದಳು. ಅಲ್ಲಿಂದ ಒಂದೂ ಗೇಮ್ ಬರಲಿಲ್ಲ. ಚೆಂಡನ್ನು ಸ್ಟ್ಯಾಂಡ್‌ಗೆ ಹೊಡೆದು ಎಚ್ಚರಿಕೆ, ಜನರ ಕೂಗು, ತನ್ನ ತಂಡದವರು ಕೂತಿದ್ದ ಬಾಕ್ಸ್ ಕಡೆ ತಿರುಗಿ ಕಿರುಚಾಟ. ಪ್ಯಾರಿ ಎದುರು ಅವಳನ್ನು ಮೇಲೆತ್ತಿದ ಅದೇ ಸಿಟ್ಟು ಇಲ್ಲಿ ಅವಳನ್ನು ಮುಳುಗಿಸಿತು. ವ್ಯತ್ಯಾಸ ಏನು? ಮೆಲ್ಬರ್ನ್‌ನಲ್ಲಿ ಸಿಟ್ಟು ತನ್ನ ಆಟದ ಮೇಲಿತ್ತು. ಪ್ಯಾರಿಸ್‌ನಲ್ಲಿ ಜನರ ಮೇಲೆ, ಗಾಳಿಯ ಹಾಗೆ ಕೈಗೆ ಸಿಗದ ಸಂಗತಿಗಳ ಮೇಲೆ ಹೋಯಿತು. ಮುಂದಿನ ಪಾಯಿಂಟ್ ಕಡೆ ಗಮನವೇ ಉಳಿಯಲಿಲ್ಲ.

ಇಲ್ಲೇ ಕೊಂಚಿತಾ ಮಾರ್ಟಿನೆಜ್ ಮುಖ್ಯರಾಗುತ್ತಾರೆ. 1994ರಲ್ಲಿ ಮಾರ್ಟಿನಾ ನವ್ರಾಟಿಲೋವಾ ಅವರನ್ನು ಸೋಲಿಸಿ ವಿಂಬಲ್ಡನ್ ಗೆದ್ದವರು. 2017ರಲ್ಲಿ ಗಾರ್ಬಿನೆ ಮುಗುರುಝಾ ವಿಂಬಲ್ಡನ್ ಗೆದ್ದಾಗ ಜೊತೆಗಿದ್ದ ಕೋಚ್. 2024ರಲ್ಲಿ ಮಿರ್ರಾ ಜೊತೆ ಸೇರಿದರು. ಅದೇ ವರ್ಷದ ಫ್ರೆಂಚ್ ಓಪನ್‌ನಲ್ಲಿ ಮಿರ್ರಾ ಸಬಲೆಂಕಾಳನ್ನು ಸೋಲಿಸಿ 17ರ ವಯಸ್ಸಿಗೆ ಸೆಮಿಫೈನಲ್ ತಲುಪಿದಳು. 1997ರಲ್ಲಿ ಮಾರ್ಟಿನಾ ಹಿಂಗಿಸ್ ಆದ ಮೇಲೆ ಅಷ್ಟು ಸಣ್ಣ ವಯಸ್ಸಿನವರು ಯಾರೂ ಗ್ರ್ಯಾಂಡ್ ಸ್ಲ್ಯಾಮ್ (ಆಸ್ಟ್ರೇಲಿಯನ್, ಫ್ರೆಂಚ್, ವಿಂಬಲ್ಡನ್, ಯುಎಸ್, ಈ ನಾಲ್ಕು ದೊಡ್ಡ ಟೂರ್ನಿಗಳು) ಸೆಮಿಫೈನಲ್‌ಗೆ ಬಂದಿರಲಿಲ್ಲ. ಜುಲೈನಲ್ಲಿ ರೊಮೇನಿಯಾದ ಯಾಶ್‌ನಲ್ಲಿ ಮೊದಲ ಡಬ್ಲ್ಯುಟಿಎ ಪ್ರಶಸ್ತಿ. ಆಗಸ್ಟ್‌ನಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಗೆಳತಿ ಡಯಾನಾ ಶ್ನೈಡರ್ ಜೊತೆ ಡಬಲ್ಸ್ ಬೆಳ್ಳಿ. ಈ ಡಬಲ್ಸ್ ಅವಳಿಗೆ ತುಂಬ ಒಳ್ಳೆಯದು ಮಾಡುತ್ತಿದೆ. ಪಕ್ಕದಲ್ಲಿ ಗೆಳತಿ ನಗುತ್ತಾ ಇದ್ದಾಗ ಅವಳು ತನ್ನನ್ನು ಅಷ್ಟು ಬೈದುಕೊಳ್ಳುವುದಿಲ್ಲ, ಗಮನಿಸಿ ನೋಡಿ.

ಆಮೇಲೆ 2025ರ ಆ ಎರಡು ತಿಂಗಳು. ಫೆಬ್ರುವರಿಯಲ್ಲಿ ದುಬೈ. ವೊಂಡ್ರೌಶೋವಾ, ಶ್ವಿಯಾಂಟೆಕ್, ರಿಬಾಕಿನಾ, ಫೈನಲ್‌ನಲ್ಲಿ ಕ್ಲಾರಾ ಟೌಸನ್. ಇವರನ್ನೆಲ್ಲ ಸೋಲಿಸಿ, ಗ್ರ್ಯಾಂಡ್ ಸ್ಲ್ಯಾಮ್ ಬಿಟ್ಟರೆ ದೊಡ್ಡದಾದ ಡಬ್ಲ್ಯುಟಿಎ 1000 ಮಟ್ಟದ ಟೂರ್ನಿ ಗೆದ್ದ ಅತಿ ಕಿರಿಯಳು ಅನ್ನಿಸಿಕೊಂಡಳು, ಟಾಪ್ 10 ಒಳಗೆ ಬಂದಳು. ಮಾರ್ಚ್‌ನಲ್ಲಿ ಇಂಡಿಯನ್ ವೆಲ್ಸ್. ಸೆಮಿಫೈನಲ್‌ನಲ್ಲಿ ಮತ್ತೆ ಆಗಿನ ನಂಬರ್ ಟೂ ಶ್ವಿಯಾಂಟೆಕ್‌ಳನ್ನು ಸೋಲಿಸಿದಳು, ಫೈನಲ್‌ನಲ್ಲಿ ನಂಬರ್ ಒನ್ ಸಬಲೆಂಕಾ ಎದುರು ಮೊದಲ ಸೆಟ್ 2-6ರಿಂದ ಕಳೆದುಕೊಂಡು 6-4, 6-3ರಿಂದ ತಿರುಗಿಬಿದ್ದಳು. ಕಪ್ ಹಿಡಿದು ಎಲ್ಲರಿಗೂ ಥ್ಯಾಂಕ್ಸ್ ಹೇಳಿದ ಮೇಲೆ, ಕೈಬಿಡದೆ ಹೋರಾಡಿದ್ದಕ್ಕೆ ತನಗೆ ತಾನೇ ಥ್ಯಾಂಕ್ಸ್ ಹೇಳಿಕೊಂಡಳು. ಜನ ನಕ್ಕರು, ನಾನೂ ನಕ್ಕೆ. ಆದರೆ ತನ್ನನ್ನು ತಾನೇ ಬೈದುಕೊಳ್ಳುವ ಹುಡುಗಿ ತನಗೆ ತಾನೇ ಕೃತಜ್ಞತೆ ಹೇಳಿದ್ದು ನನಗೆ ಆ ಕಪ್‌ಗಿಂತ ಜಾಸ್ತಿ ಖುಷಿ ಕೊಟ್ಟಿತು.

ಹಾಗಾದರೆ ವರ್ಷದ ಕೊನೆಗೆ ಏನಾಯಿತು? ವಿಂಬಲ್ಡನ್ ಕ್ವಾರ್ಟರ್‌ಫೈನಲ್‌ವರೆಗೆ ಬಂದು, ಎರಡು ಟೈಬ್ರೇಕ್‌ಗಳಲ್ಲಿ ಬೆಂಚಿಚ್‌ಗೆ ಸೋತಳು. ರ‍್ಯಾಂಕಿಂಗ್ ಐದಕ್ಕೆ ಏರಿತು. ಯುಎಸ್ ಓಪನ್‌ನಲ್ಲಿ ಮೂರನೇ ಸುತ್ತಿಗೆ ಟೇಲರ್ ಟೌನ್‌ಸೆಂಡ್ ಎದುರು ನಿಂತುಹೋಯಿತು. ಚೀನಾದಲ್ಲಿ ಸೋಲಿನ ಮೇಲೆ ಸೋಲು. ವರ್ಷದ ಅಗ್ರ ಎಂಟು ಮಂದಿ ಮಾತ್ರ ಆಡುವ ರಿಯಾದ್‌ನ ಡಬ್ಲ್ಯುಟಿಎ ಫೈನಲ್ಸ್‌ನಲ್ಲಿ ಸಿಂಗಲ್ಸ್ ಜಾಗ ಕೊನೆಯ ಗಳಿಗೆಯಲ್ಲಿ ರಿಬಾಕಿನಾ ಪಾಲಾಯಿತು. ಮಿರ್ರಾ ಡಬಲ್ಸ್ ಮಾತ್ರ ಆಡಿದಳು.

ಇದರಲ್ಲಿ ರ‍್ಯಾಂಕಿಂಗ್ ಲೆಕ್ಕದ ಪಾತ್ರವೂ ಇದೆ. ಟೆನಿಸ್ ಪಾಯಿಂಟ್ಸ್ ಆಯಸ್ಸು 52 ವಾರ. ಕಳೆದ ವರ್ಷ ಗಳಿಸಿದ್ದನ್ನು ಈ ವರ್ಷ ಮತ್ತೆ ಗಳಿಸಬೇಕು, ಇಲ್ಲದಿದ್ದರೆ ಅದು ಹೋಯಿತು. 2024ರ ಫ್ರೆಂಚ್ ಓಪನ್ ಸೆಮಿಫೈನಲ್‌ಗೆ 780 ಸಿಕ್ಕಿತ್ತು. 2025ರಲ್ಲಿ ಕ್ವಾರ್ಟರ್‌ಫೈನಲ್ ತಲುಪಿದರೂ ಸಿಕ್ಕಿದ್ದು 430. ಅಂದರೆ ಗ್ರ್ಯಾಂಡ್ ಸ್ಲ್ಯಾಮ್‌ನ ಕೊನೆಯ ಎಂಟರಲ್ಲಿ ಬಂದು 350 ಪಾಯಿಂಟ್ಸ್ ಕಳೆದುಕೊಂಡಳು. ಮೇಲೆ ಬರುವಾಗ ಈ ಭಾರ ಇರುವುದಿಲ್ಲ, ಗೆದ್ದದ್ದೆಲ್ಲ ಲಾಭ. ಮೇಲೆ ಬಂದ ಮೇಲೆ ಗೆಲ್ಲದೇ ಇದ್ದದ್ದೆಲ್ಲ ನಷ್ಟ. 2026ರ ಫೆಬ್ರುವರಿ, ಮಾರ್ಚ್‌ನಲ್ಲಿ ದುಬೈ ಮತ್ತು ಇಂಡಿಯನ್ ವೆಲ್ಸ್‌ನ ತಲಾ 1000 ಪಾಯಿಂಟ್ಸ್ ಅವಳ ಲೆಕ್ಕದಿಂದ ಇಳಿಯಬೇಕು. ಅಲ್ಲಿ ಬೇಗ ಸೋತರೆ ರ‍್ಯಾಂಕಿಂಗ್ ಕೆಳಗೆ ಹೋಗುತ್ತದೆ. ಆಗ ಈ ಪ್ರಶ್ನೆ ಕೇಳುವವರು ಇನ್ನೂ ಹೆಚ್ಚಾಗುತ್ತಾರೆ. ದಯವಿಟ್ಟು ಆ ಹೊತ್ತಿಗೆ ಅವಳ ಕಥೆ ಮುಗಿಯಿತು ಅಂತ ತೀರ್ಮಾನ ಮಾಡಬೇಡಿ. ಗಾಫ್ 2019ರಲ್ಲಿ 15ನೇ ವಯಸ್ಸಿಗೆ ವಿಂಬಲ್ಡನ್‌ನಲ್ಲಿ ವೀನಸ್ ವಿಲಿಯಮ್ಸ್ ಅವರನ್ನು ಸೋಲಿಸಿದ್ದಳು. ಮೊದಲ ಗ್ರ್ಯಾಂಡ್ ಸ್ಲ್ಯಾಮ್ ಬಂದಿದ್ದು 2023ರ ಯುಎಸ್ ಓಪನ್‌ನಲ್ಲಿ. ನಡುವಿನ ನಾಲ್ಕು ವರ್ಷ ಅವಳ ಬಗ್ಗೆಯೂ ಇದೇ ಮಾತು ಇತ್ತು, ಅಲ್ವಾ?

ನಾನು ನೋಡುವುದು ರ‍್ಯಾಂಕಿಂಗ್ ಅಲ್ಲ. ಒಂದು ಗೇಮ್ ಕೆಟ್ಟದಾಗಿ ಕಳೆದುಕೊಂಡ ಮೇಲೆ ಅವಳು ಕುರ್ಚಿಗೆ ಹೇಗೆ ನಡೆದು ಹೋಗುತ್ತಾಳೆ, ಮುಂದಿನ ಗೇಮ್‌ನ ಮೊದಲ ಪಾಯಿಂಟ್ ಹೇಗೆ ಆಡುತ್ತಾಳೆ ಅನ್ನುವುದನ್ನು ನೋಡುತ್ತೇನೆ. ಅಲ್ಲಿ ಡ್ರಾಪ್ ಶಾಟ್ ಆಡುವ ಧೈರ್ಯ ಉಳಿದಿದ್ದರೆ ಅವಳು ಸರಿಯಿದ್ದಾಳೆ ಅಂತ ಅರ್ಥ. ಬೇಸ್‌ಲೈನ್ ಹಿಂದೆ ಸರಿದು ಬರೀ ಚೆಂಡು ವಾಪಸ್ ಕಳಿಸುತ್ತಿದ್ದರೆ ಸಿಟ್ಟು ಗೆದ್ದಿದೆ ಅಂತ ಅರ್ಥ.

ಗ್ರ್ಯಾಂಡ್ ಸ್ಲ್ಯಾಮ್ ಯಾವಾಗ ಅಂತಲೂ ಕೇಳುತ್ತೀರಿ. ವರ್ಷ ಹೇಳಲಾರೆ, ಜಾಗ ಹೇಳುತ್ತೇನೆ. ಮೊದಲನೆಯದು ಪ್ಯಾರಿಸ್‌ನ ಫ್ರೆಂಚ್ ಓಪನ್‌ನಲ್ಲೇ ಬರುತ್ತದೆ ಅನ್ನುವುದು ನನ್ನ ನಂಬಿಕೆ. ಅಲ್ಲಿನ ಆವೆಮಣ್ಣಿನ ಕೋರ್ಟ್‌ನಲ್ಲಿ ಚೆಂಡು ನಿಧಾನ, ಅವಳಿಗೆ ಯೋಚಿಸಲು ಸಮಯ ಸಿಗುತ್ತದೆ. ಫೋರ್‌ಹ್ಯಾಂಡ್‌ಗೆ ಸರಿಯಾಗಿ ನಿಲ್ಲಲು ಇನ್ನೊಂದು ಹೆಜ್ಜೆಯ ಅವಕಾಶ ಇರುತ್ತದೆ. ಬಲಶಾಲಿಗಳ ಹೊಡೆತ ಅಲ್ಲಿ ಅಷ್ಟು ಬೇಗ ದಾಟಿಹೋಗುವುದಿಲ್ಲ. ಅವಳ ಸೆಮಿಫೈನಲ್ ಬಂದಿದ್ದೂ ಅಲ್ಲೇ, ಅತಿ ಕೆಟ್ಟ ಸೋಲು ಬಂದಿದ್ದೂ ಅಲ್ಲೇ. ಆ ಕೋರ್ಟ್‌ನಲ್ಲಿ ಮುಂದಿನ ಸಲ ಫ್ರೆಂಚ್ ಆಟಗಾರ್ತಿಯೊಬ್ಬಳು ಅವಳ ಎದುರು ಬಂದರೆ, ನಾನಂತೂ ಮೊದಲ ಸರ್ವ್‌ನಿಂದಲೇ ನೋಡಲು ಕೂತಿರುತ್ತೇನೆ.